ಕಿವಿಗೆ ಎಷ್ಟು ವ್ಯಾಟ್ ಬೇಕು?

ನಮ್ಮ ಆಫೀಸಿನಲ್ಲಿ ಹೆಡ್‌ಫೋನ್ ನೋಡಿ ಅಂತಸ್ತು ಅಳೀತಾರೆ. ಕಂಪನಿ ಕೊಟ್ಟ ಹೆಡ್‌ಸೆಟ್ಟಿನವರು ಕೆಳಗೆ, ಗದ್ದಲ ತಡೆಯೋ ಬ್ಲೂಟೂತಿನವರು ಮಧ್ಯೆ, ದಪ್ಪ ವೈರಿನ ಹೆಡ್‌ಫೋನಿಗೆ ಅಂತ ಮೇಜಿನ ಮೇಲೆ ಪ್ರತ್ಯೇಕ ಡಬ್ಬ ಇಟ್ಕೊಂಡವರು ಎಲ್ಲರಿಗಿಂತ ಮೇಲೆ. ಆ ಡಬ್ಬದ ಹೆಸರು ಹೆಡ್‌ಫೋನ್ ಆಂಪ್ಲಿಫೈಯರ್, ಬಾಯಿಮಾತಲ್ಲಿ ಆಂಪ್. ನನ್ನ ಮೇಜಿನ ಮೇಲೂ ಒಂದಿದೆ. ನೋಡಿದವರೆಲ್ಲ ಕೇಳೋ ಮೊದಲ ಪ್ರಶ್ನೆ, "ಎಷ್ಟು ವ್ಯಾಟು ಗುರು?"

ವ್ಯಾಟಿನ ಲೆಕ್ಕಾನೇ ಮೊದಲು ಮಾಡಿಬಿಡೋಣ. ನನ್ನ ಹತ್ರ ಇರೋದು ಸೆನ್‌ಹೈಸರ್ ಎಚ್‌ಡಿ 650. ಅದರ ರೋಧ 300 ಓಮ್. 1 ವೋಲ್ಟ್ ಕೊಟ್ಟರೆ 103 ಡೆಸಿಬೆಲ್ ಸದ್ದು ಬರುತ್ತೆ ಅಂತ ತಯಾರಕರೇ ಹೇಳಿದ್ದಾರೆ. ಹಾಡಿನ ಮಧ್ಯೆ ತಮಟೆಗೆ ಏಟು ಬಿದ್ದಾಗ ಕ್ಷಣಮಾತ್ರ 110 ಡೆಸಿಬೆಲ್ ಬೇಕು ಅಂತಿಟ್ಕೊಳ್ಳಿ. ಅದಕ್ಕೆ ಸುಮಾರು 2.24 ವೋಲ್ಟ್ ಸಾಕು. ವ್ಯಾಟಿಗೆ ಪರಿವರ್ತಿಸಿದರೆ 17 ಮಿಲಿವ್ಯಾಟ್. ಅಂದ್ರೆ ಒಂದು ವ್ಯಾಟಿನ ಅರವತ್ತನೇ ಒಂದು ಭಾಗ! ಊರಹಬ್ಬದಲ್ಲಿ ತೆಂಗಿನ ಮರಕ್ಕೆ ಕಟ್ಟೋ ಹಾರ್ನಿಗೆ ವ್ಯಾಟ್ ಬೇಕು, ಪಕ್ಕದೂರಿಗೂ ಕೇಳಿಸಬೇಕಲ್ಲ. ಕಿವಿಗೆ ಅಂಟಿಕೊಂಡೇ ಇರೋ ವಸ್ತುವಿಗೆ ಯಾಕೆ? ಆದರೂ ಅಂಗಡಿಯಲ್ಲಿ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರೋದು ವ್ಯಾಟೇ. ಎಷ್ಟು ಹೆಚ್ಚೋ ಅಷ್ಟು ಬೆಲೆ.

ಹಾಗಾದ್ರೆ ಒಳ್ಳೆ ಆಂಪ್‌ನಲ್ಲಿ ಏನು ನೋಡಬೇಕು? ಸಾಕಷ್ಟು ವೋಲ್ಟೇಜ್ ಇರಬೇಕು, ತನ್ನದೇ ಸದ್ದು ಮಾಡಬಾರದು, ಒಳರೋಧ ಕಡಿಮೆ ಇರಬೇಕು. ಈ ಮೂರನೆಯದನ್ನ ಯಾರೂ ಕೇಳಲ್ಲ. ಅಸಲಿ ಕಥೆ ಇರೋದೇ ಅಲ್ಲಿ, ಅದಕ್ಕೆ ಆಮೇಲೆ ಬರ್ತೀನಿ.

ನನ್ನ ಡಬ್ಬದ ಹೆಸರು ಆಬ್ಜೆಕ್ಟಿವ್ 2, ಚಿಕ್ಕದಾಗಿ ಓ2. ಇದನ್ನ ವಿನ್ಯಾಸ ಮಾಡಿದ್ದು ಯಾವ ಕಂಪನಿಯೂ ಅಲ್ಲ. 2011ರಲ್ಲಿ 'ಎನ್‌ಡಬ್ಲ್ಯುಎವಿಗೈ' ಅನ್ನೋ ಗುಪ್ತನಾಮದ ಒಬ್ಬ ಬ್ಲಾಗಿಗ ತನ್ನ ಬ್ಲಾಗಿನಲ್ಲಿ ಇದರ ಪೂರ್ತಿ ಸರ್ಕ್ಯೂಟು, ಬೋರ್ಡಿನ ನಕ್ಷೆ, ಬಿಡಿಭಾಗಗಳ ಪಟ್ಟಿ, ಎಲ್ಲಾ ಪುಕ್ಕಟೆ ಹಾಕಿಬಿಟ್ಟ. ವಿನ್ಯಾಸ ಬದಲಾಯಿಸದೆ ಯಾರು ಬೇಕಾದರೂ ಮಾಡಿ ಮಾರಬಹುದು ಅಂತ ಪರವಾನಗಿ ಕೊಟ್ಟ. ಅವನ ವಾದ ಇಷ್ಟೇ: "ಕೇಳಿದ್ರೆ ಗೊತ್ತಾಗುತ್ತೆ" ಅನ್ನೋ ಮಾತು ಬಿಡಿ, ಮೊದಲು ಅಳತೆ ತೋರಿಸಿ. ಪ್ರಯೋಗಾಲಯದ ದರ್ಜೆಯ ಡಿಸ್ಕೋಪ್ ಉಪಕರಣ ಇಟ್ಕೊಂಡು ಅಳೆದು ಅಳೆದು ಹಾಕ್ತಿದ್ದ, ದುಬಾರಿ ಆಂಪ್‌ಗಳ ಬಂಡವಾಳ ಬಿಚ್ಚಿಡ್ತಿದ್ದ. 2012ರಲ್ಲಿ ಇದ್ದಕ್ಕಿದ್ದಂತೆ ಮಾಯವಾದ. ಅವನು ಯಾರು ಅನ್ನೋದು ಹೊರಗೆ ಬರಲೇ ಇಲ್ಲ. ಅವನ ಬಗ್ಗೆ ಐಇಇಇ ಸ್ಪೆಕ್ಟ್ರಮ್ ಪತ್ರಿಕೆ ಕೂಡ ಬರೆಯಿತು.

ನಾನು ಇಸಿ ಓದಿ ಜಾವಾ ಬರೆದು ಹೊಟ್ಟೆ ಹೊರೆಯೋ ಲಕ್ಷಾಂತರ ಜನರಲ್ಲಿ ಒಬ್ಬ. ಕಾಲೇಜು ಬಿಟ್ಟ ಮೇಲೆ ಬೆಸುಗೆ ಹಾಕೋ ಕಡ್ಡಿ ಮುಟ್ಟಿರಲಿಲ್ಲ. ಈ ಸರ್ಕ್ಯೂಟ್ ನೋಡಿ ಕೈ ಕೆರೆಯಿತು. ಬೋರ್ಡು ತರಿಸಿ, ಎರಡು ಶನಿವಾರ ಕೂತು ನಾನೇ ಕಟ್ಟಿದೆ.

ಒಳಗಿನ ಕೆಲಸ ನೋಡೋಕೆ ಚೆಂದ. ಮೊದಲ ಹಂತದಲ್ಲಿ ಎನ್‌ಜೆಎಂ 2068 ಅನ್ನೋ ಚಿಪ್ಪು ಸಿಗ್ನಲ್ಲನ್ನ ಹಿಗ್ಗಿಸುತ್ತೆ, 2.5 ಪಟ್ಟು ಅಥವಾ 6.5 ಪಟ್ಟು. ವಾಲ್ಯೂಮ್ ಇರೋದು ಅದಾದ ಮೇಲೆ. ಸಾಮಾನ್ಯವಾಗಿ ಜನ ವಾಲ್ಯೂಮ್ ಮೊದಲಿಟ್ಟು ಆಮೇಲೆ ಹಿಗ್ಗಿಸ್ತಾರೆ. ಇವನು ತಿರುಗಾಮುರುಗಾ ಮಾಡಿದ್ದರಿಂದ ವಾಲ್ಯೂಮ್ ಇಳಿಸಿದಾಗ ಹಾಡಿನ ಜೊತೆಗೆ ಮೊದಲ ಹಂತದ ಸುಂಯ್ ಅನ್ನೋ ಸದ್ದೂ ಇಳಿಯುತ್ತೆ. ಇದಕ್ಕೊಂದು ಬೆಲೆ ಇದೆ. ಈ ಡಬ್ಬ ಹೆಚ್ಚೆಂದರೆ 7 ವೋಲ್ಟ್ ಚಿಲ್ಲರೆ ಕೊಡಬಲ್ಲದು. 2 ವೋಲ್ಟ್ ಕೊಡೋ ಮೂಲವನ್ನ ಸಿಕ್ಕಿಸಿ 6.5ರ ಗುಂಡಿ ಒತ್ತಿದರೆ ಲೆಕ್ಕದ ಪ್ರಕಾರ 13 ವೋಲ್ಟ್ ಆಗಬೇಕು, ಆಗಲ್ಲ, ಸದ್ದು ಒಡೆಯುತ್ತೆ. ವಾಲ್ಯೂಮ್ ಎಷ್ಟು ಇಳಿಸಿದರೂ ಒಡೆದದ್ದು ಒಡೆದದ್ದೇ.

ಕೊನೆಯ ಹಂತದಲ್ಲಿ ಎನ್‌ಜೆಎಂ 4556. ಒಂದು ಚಿಪ್ಪಿನಲ್ಲಿ ಎರಡು ಆಂಪ್ ಇರುತ್ತವೆ, ಒಂದೊಂದಕ್ಕೂ 70 ಮಿಲಿಆಂಪಿಯರ್ ತಾಕತ್ತು. ಎರಡನ್ನೂ ಒಂದೇ ನೇಗಿಲಿಗೆ ಹೂಡಿದ್ದಾನೆ. ಜೋಡೆತ್ತಿನಲ್ಲಿ ಒಂದು ಮುಂದೆ ಒಂದು ಹಿಂದೆ ಎಳೆದಾಡಬಾರದು ಅಂತ ಒಂದೊಂದರ ಮುಂದೆಯೂ 1 ಓಮಿನ ರೆಸಿಸ್ಟರ್, ಅದೇ ನೊಗ. ಎರಡು 1 ಓಮ್ ಸಮಾನಾಂತರವಾಗಿ ಸೇರಿದರೆ ಅರ್ಧ ಓಮ್. ಈ ಡಬ್ಬದ ಒಳರೋಧ ಹೆಚ್ಚುಕಮ್ಮಿ ಅಷ್ಟೇ.

ನನಗೆ ತುಂಬಾ ಇಷ್ಟವಾದದ್ದು ಬ್ಯಾಟರಿ ಕಾಯೋ ಸರ್ಕ್ಯೂಟು. ಒಳಗೆ 9 ವೋಲ್ಟಿನ ಎರಡು ರೀಚಾರ್ಜಬಲ್ ಬ್ಯಾಟರಿಗಳಿವೆ, ಒಂದು ಪ್ಲಸ್ ಕಡೆಗೆ, ಇನ್ನೊಂದು ಮೈನಸ್ ಕಡೆಗೆ. ಎರಡೂ ಒಟ್ಟಿಗೆ ಸಾಯಲ್ಲ. ಒಂದು ಮೊದಲು ಹೋದರೆ ಆಂಪ್ ಒಂದು ಕಡೆಗೆ ವಾಲಿ ಹೆಡ್‌ಫೋನಿಗೆ ಡಿಸಿ ನುಗ್ಗುತ್ತೆ, ಒಳಗಿನ ಕಾಯಿಲ್ ಸುಟ್ಟರೂ ಸುಟ್ಟೀತು. ಅದಕ್ಕೆ ಒಂದು ಕಾವಲುಗಾರ ಚಿಪ್ಪು, ಎರಡು ಮಾಸ್‌ಫೆಟ್ಟು. ವೋಲ್ಟೇಜ್ ಇಳಿದ ಕೂಡಲೇ ಎರಡು ಕಡೆಯನ್ನೂ ಒಟ್ಟಿಗೆ ಕಡಿದು ಹಾಕುತ್ತೆ. ಯಾರ ಕಣ್ಣಿಗೂ ಬೀಳದ ಕೆಲಸ. ಕೋಡಿನಲ್ಲೂ ಹೀಗೇ, ಎರರ್ ಹ್ಯಾಂಡ್ಲಿಂಗ್ ನೋಡಿದರೆ ಬರೆದವನ ಗುಣ ಗೊತ್ತಾಗುತ್ತೆ.

ಬೈಯೋದೂ ಇದೆ. ಪವರ್ ತೂತು, ಇನ್‌ಪುಟ್, ಹೆಡ್‌ಫೋನ್, ಎಲ್ಲಾ ಮುಂದೆಯೇ! ಮೂರು ವೈರು ಮುಖಕ್ಕೇ ಜೋತುಬಿದ್ದಿರುತ್ತವೆ, ಗ್ಲೂಕೋಸ್ ಹಾಕಿಸಿಕೊಂಡ ರೋಗಿಯ ಹಾಗೆ. ಹೆಡ್‌ಫೋನಿಗೆ 3.5 ಮಿಲಿಮೀಟರಿನ ಚಿಕ್ಕ ತೂತು ಮಾತ್ರ, ನನ್ನ ದಪ್ಪ ಪಿನ್ನಿಗೆ ಅಡಾಪ್ಟರ್ ಬೇಕು. ಇನ್ನು ಕರೆಂಟಿಗೆ ಇದು ಕೇಳೋದು ಎಸಿ ಅಡಾಪ್ಟರ್. ಒಂದೇ ಸುತ್ತಿನ ಎಸಿಯ ಮೇಲರ್ಧ ಪ್ಲಸ್ ಕಡೆಗೆ, ಕೆಳಗಿನರ್ಧ ಮೈನಸ್ ಕಡೆಗೆ. ಡಿಸಿ ಸಿಕ್ಕಿಸಿದರೆ ಒಂದು ಕಡೆಗೆ ಮಾತ್ರ ಊಟ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ "ಎಸಿ ಅಡಾಪ್ಟರ್ ಕೊಡಿ" ಅಂದರೆ ಮೂರು ಅಂಗಡಿಯಲ್ಲಿ ಡಿಸಿದೇ ಕೈಗಿಟ್ಟರು. ಕೊನೆಗೆ 15 ವೋಲ್ಟಿನ ಟ್ರಾನ್ಸ್‌ಫಾರ್ಮರ್ ತಗೊಂಡು ಪ್ಲಾಸ್ಟಿಕ್ ಡಬ್ಬಿಗೆ ಕೂರಿಸಿದೆ.

ಕಟ್ಟಿದ್ದಾಯ್ತು. ಚೆನ್ನಾಗಿದೆಯಾ ಅಂತ ಹೇಳೋದು ಹೇಗೆ? ಕೈಯಾರೆ ಕಟ್ಟಿದವನ ಕಿವಿಯನ್ನ ನಂಬೋಕಾಗಲ್ಲ, ಹೆತ್ತವರಿಗೆ ಹೆಗ್ಗಣ ಮುದ್ದು. ಜೊತೆಗೆ ಇನ್ನೊಂದು ತೊಡಕು, ಸ್ವಲ್ಪ ಜೋರಾಗಿರೋದು ಯಾವಾಗಲೂ 'ಚೆನ್ನಾಗಿದೆ' ಅನ್ನಿಸುತ್ತೆ. ಹಾಗಾಗಿ ಎರಡು ಕೆಲಸ ಮಾಡಬೇಕು. ಮೊದಲನೆಯದು, ಸದ್ದು ಸರಿಸಮ ಮಾಡೋದು. 60 ಹರ್ಟ್ಸಿನ ಒಂದು ಸ್ವರ ಹಾಕಿ ಸಾಮಾನ್ಯ ಮಲ್ಟಿಮೀಟರ್‌ನಲ್ಲಿ ಅಳೆದೆ. ಒಂದು 500 ಮಿಲಿವೋಲ್ಟ್ ಇದ್ದರೆ ಇನ್ನೊಂದು 495ರಿಂದ 505ರ ಒಳಗಿರಬೇಕು. ಎರಡನೆಯದು, ಯಾವುದು ಅಂತ ನನಗೆ ಗೊತ್ತಾಗಬಾರದು. ಹೆಂಡತಿ ನನ್ನ ಬೆನ್ನ ಹಿಂದೆ ಕೂತು, ನಾಣ್ಯ ಚಿಮ್ಮಿ, ಸ್ವಿಚ್ ಬದಲಾಯಿಸಿ ನೋಟ್‌ಬುಕ್ಕಿನಲ್ಲಿ ಗುರುತು ಹಾಕ್ಕೊಂಡಳು. 16 ಸುತ್ತು. 16ರಲ್ಲಿ 12 ಅಥವಾ ಹೆಚ್ಚು ಸರಿ ಹೇಳೋದು ಬರೀ ಊಹೆಯಿಂದ ಆಗೋ ಸಾಧ್ಯತೆ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. 12 ದಾಟಿದರೆ ವ್ಯತ್ಯಾಸ ನಿಜ ಅಂತ ಮೊದಲೇ ಬರೆದಿಟ್ಟುಕೊಂಡೆ.

ಮೊದಲ ಪಂದ್ಯ: ಫೋನಿಗೆ ಹಾಕೋ ಚಿಕ್ಕ ಡಾಂಗಲ್ ನೇರವಾಗಿ ಒಂದು ಕಡೆ, ಅದೇ ಡಾಂಗಲ್ ಓ2 ಮೂಲಕ ಇನ್ನೊಂದು ಕಡೆ. 16ಕ್ಕೆ 9. ಅಂದರೆ ಒಂದೇ ಸದ್ದಿನಲ್ಲಿ ಕೇಳಿದಾಗ ಈ ಆಂಪ್ ಮಧ್ಯದಲ್ಲಿ ಇದೆಯೋ ಇಲ್ಲವೋ ನನ್ನ ಕಿವಿಗೆ ಗೊತ್ತಾಗಲಿಲ್ಲ. "ಇಷ್ಟಕ್ಕಾ ಎರಡು ಶನಿವಾರ ಮನೆ ತುಂಬ ಹೊಗೆ ಹಾಕಿದ್ದು?" ಅಂದಳು ಹೆಂಡತಿ. ನ್ಯಾಯವಾದ ಪ್ರಶ್ನೆ. ಆದರೆ ಆಂಪ್ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ. ಅದು ಏನನ್ನೂ ಸೇರಿಸಲಿಲ್ಲ, ಏನನ್ನೂ ಕದಿಯಲಿಲ್ಲ.

ಎರಡನೇ ಪಂದ್ಯ ಸಹೋದ್ಯೋಗಿಯೊಬ್ಬರ ವಾಲ್ವ್ ಆಂಪ್ ಜೊತೆ. ಅದರ ಬೆಲೆ ನನ್ನ ಮೊದಲ ಬೈಕಿಗಿಂತ ಜಾಸ್ತಿ. ಇಲ್ಲಿ 16ಕ್ಕೆ 15! ಅವರು ಖುಷಿಯಿಂದ "ನೋಡಿದ್ರಾ, ವಾಲ್ವ್ ಅಂದ್ರೆ ವಾಲ್ವೇ" ಅಂದರು. ಈಗ ಬಂತು ನೋಡಿ ಒಳರೋಧದ ಮಾತು. ಅದರ ಒಳರೋಧ ಸುಮಾರು 100 ಓಮ್ ಇತ್ತು. ನನ್ನ ಹೆಡ್‌ಫೋನಿನದು ಹೆಸರಿಗೆ 300 ಓಮ್, ಆದರೆ ತಗ್ಗು ಸ್ವರಗಳಲ್ಲಿ, 100 ಹರ್ಟ್ಸಿನ ಆಸುಪಾಸು, 500ರ ಹತ್ತಿರ ಹೋಗುತ್ತೆ. 300ರಲ್ಲಿ ನಾಲ್ಕನೇ ಮೂರು ಭಾಗ ವೋಲ್ಟೇಜು ಹೆಡ್‌ಫೋನಿಗೆ ಸಿಕ್ಕಿದರೆ, 500ರಲ್ಲಿ ಆರನೇ ಐದು ಭಾಗ ಸಿಗುತ್ತೆ. ತಗ್ಗು ಸ್ವರ ಹೆಚ್ಚುಕಮ್ಮಿ 1 ಡೆಸಿಬೆಲ್ ಏರುತ್ತೆ. ಅದೇ ಅವರು ಹೇಳೋ 'ಬೆಚ್ಚನೆಯ ದನಿ'. ಕೇಳೋಕೆ ಹಿತವಾಗೇ ಇದೆ, ಸುಳ್ಳು ಹೇಳಲ್ಲ. ಫೋನಿನ ಈಕ್ವಲೈಜರ್‌ನಲ್ಲಿ ಒಂದು ಗೆರೆ ಮೇಲೆತ್ತಿದರೆ ಬಹುಪಾಲು ಅದೇ ಬರುತ್ತೆ ಅಂತ ಹೇಳಬೇಕು ಅನ್ನಿಸಿತು, ಅವರ ಮುಖ ನೋಡಿ ಸುಮ್ಮನಾದೆ.

ಇಷ್ಟೆಲ್ಲ ಹಠ ಯಾಕೆ ಅಂದ್ರೆ, ಈ ಆಂಪ್ ಕಟ್ಟಿದ್ದು ಆಫೀಸಿನ ಮೇಜಿಗಲ್ಲ. ನಮ್ಮೂರು ಅರಕಲಗೂಡು ತಾಲ್ಲೂಕಿನಲ್ಲಿದೆ. ನಮ್ಮಜ್ಜಿ ಸೋಬಾನೆ ಪದ ಹೇಳ್ತಿದ್ದಳು, ಸುತ್ತ ನಾಲ್ಕೂರಿನ ಮದುವೆಗೆ ಕರೆಸ್ಕೊಳ್ತಿದ್ದರು. ನಾನು ಚಿಕ್ಕವನಿದ್ದಾಗ ಮಾವ ಟೂ-ಇನ್-ಒನ್ ಇಟ್ಟು ಅವಳ ದನಿಯನ್ನ ಎರಡು ಕ್ಯಾಸೆಟ್ಟಿಗೆ ತುಂಬಿಸಿದ್ದ. ಅಜ್ಜಿ ಹೋಗಿ ಹನ್ನೆರಡು ವರ್ಷ. ಆ ಪದಗಳನ್ನ ಬರೆದಿಟ್ಟವರಿಲ್ಲ, ಪೂರ್ತಿ ಬಲ್ಲವರೂ ಈಗಿಲ್ಲ. ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಇಳಿಸಿ ನಾನು ಬರೆಯೋಕೆ ಕೂತಿದ್ದೇನೆ.

ಒಳ್ಳೆ ಆಂಪ್ ಹಾಕಿದರೆ ಮಸುಕಾದ ಪದ ಕೇಳುತ್ತಾ? ಇಲ್ಲ. ಕ್ಯಾಸೆಟ್ಟಿನಲ್ಲಿ ದನಿಗೂ ಸುಂಯ್ ಸದ್ದಿಗೂ ಇರೋ ಅಂತರ ಸುಮಾರು 50 ಡೆಸಿಬೆಲ್. ಆಂಪ್‌ನಲ್ಲಿ ಅದು 100ಕ್ಕಿಂತ ಹೆಚ್ಚು. ಕೆರೆ ನೀರೇ ಬಗ್ಗಡವಾಗಿದ್ದರೆ ಬೆಳ್ಳಿ ಲೋಟದಲ್ಲಿ ಕೊಟ್ಟೇನು ಪ್ರಯೋಜನ? ನಿಜಕ್ಕೂ ಉಪಯೋಗಕ್ಕೆ ಬಂದದ್ದು ಒಂದು ಸಣ್ಣ ಸ್ಕ್ರೂ ಡ್ರೈವರು. ಕ್ಯಾಸೆಟ್ ಪ್ಲೇಯರಿನ ಹೆಡ್ಡಿನ ಪಕ್ಕ ಒಂದು ಸ್ಕ್ರೂ ಇರುತ್ತೆ. ರೆಕಾರ್ಡ್ ಮಾಡಿದ ಹೆಡ್ಡಿನ ಓರೆ ಮತ್ತು ನುಡಿಸೋ ಹೆಡ್ಡಿನ ಓರೆ ಒಂದೇ ಆಗದಿದ್ದರೆ ಎತ್ತರದ ಸ್ವರಗಳು ಸತ್ತುಹೋಗುತ್ತವೆ. ಹೆಡ್ಡನ್ನ ಆಲ್ಕೋಹಾಲಿನಲ್ಲಿ ಒರೆಸಿ, ಸ್ಕ್ರೂ ಕೂದಲೆಳೆಯಷ್ಟು ತಿರುಗಿಸಿದಾಗ ಅಜ್ಜಿಯ 'ಸ'ಕಾರ 'ಚ'ಕಾರ ಎದ್ದು ಬಂದವು. ಅದಾದ ಮೇಲೆ ಸಾಫ್ಟ್‌ವೇರಿನಲ್ಲಿ 100 ಹರ್ಟ್ಸಿಗಿಂತ ಕೆಳಗಿನ ಗುಂಯ್‌ಗುಡುವಿಕೆ ಕತ್ತರಿಸಿ, ವ್ಯಂಜನಗಳಿರೋ 2ರಿಂದ 4 ಕಿಲೋಹರ್ಟ್ಸಿನ ಜಾಗ ಸ್ವಲ್ಪ ಎತ್ತಿದೆ.

ಆಂಪ್ ಕೆಲಸಕ್ಕೆ ಬಂದದ್ದು ಬೇರೆ ರೀತಿಯಲ್ಲಿ. ಪದ ಹಿಡಿಯೋಕೆ ನನಗಿಂತ ಅವ್ವ ವಾಸಿ. ಇಬ್ಬರೂ ಒಟ್ಟಿಗೆ ಕೇಳಬೇಕು. ಒಂದು ತೂತಿಗೆ ವೈ ಆಕಾರದ ವೈರು ಸಿಕ್ಕಿಸಿ ಎರಡು ಹೆಡ್‌ಫೋನ್ ಹಾಕಿದೆ. ಒಳರೋಧ ಅರ್ಧ ಓಮ್ ಆದ್ದರಿಂದ ಎರಡನೆಯದು ಸಿಕ್ಕಿಸಿದಾಗ ಮೊದಲನೆಯದರ ಸದ್ದು ಕೂದಲಷ್ಟೂ ಇಳಿಯಲಿಲ್ಲ. ಆ ವಾಲ್ವ್ ಆಂಪ್‌ಗೆ ಇದು ಆಗದ ಕೆಲಸ. ಇನ್ನು ನಮ್ಮೂರಿನ ಕರೆಂಟು. ಸಂಜೆ ಪಂಪ್‌ಸೆಟ್ ಓಡೋ ಹೊತ್ತಿಗೆ 170 ವೋಲ್ಟಿಗೆ ಇಳಿಯುತ್ತೆ. ಆಗ ನನ್ನ 15 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಕೊಡೋದು 11. ಒಳಗಿನ 12 ವೋಲ್ಟಿನ ರೆಗ್ಯುಲೇಟರಿಗೆ ಉಸಿರಾಡೋಕೂ ಜಾಗ ಸಾಲದೆ ಹಿನ್ನೆಲೆಯಲ್ಲಿ ಗುಂಯ್ ಶುರು. ಪ್ಲಗ್ ಕಿತ್ತು ಬ್ಯಾಟರಿಗೆ ಬಿಟ್ಟರೆ ನಿಶ್ಶಬ್ದ. ಐದಾರು ಗಂಟೆಗೆ ಮೋಸ ಇಲ್ಲ.

ಅವ್ವ ಸೆರಗಿನ ಮೇಲೇ ಹೆಡ್‌ಫೋನ್ ಹಾಕ್ಕೊಂಡು ಕೂತಳು. ನಾನು ಪದ ತಿಳಿಯದ ಕಡೆ 41 ಖಾಲಿ ಜಾಗ ಬಿಟ್ಟಿದ್ದೆ. ಒಂದೊಂದನ್ನೂ ನಾಲ್ಕೈದು ಸಲ ತಿರುಗಿಸಿ ಹಾಕಿದೆ. "ಹೊಂಬಾಳೆ ಕಣಪ್ಪ ಅದು, ಅಷ್ಟೂ ತಿಳೀದಾ? ಧಾರೆ ಚಪ್ಪರಕ್ಕೆ ಕಟ್ಟಲ್ವಾ" ಅಂದಳು. ಮಧ್ಯೆ ಒಂದು ಕಡೆ ಪದದ ಹಿಂದೆ ಯಾರೋ ಕೆಮ್ಮಿದ್ದು ಕೇಳಿ, "ನಿಮ್ಮ ತಾತ" ಅಂತ ಹೇಳಿ ಸುಮ್ಮನಾದಳು. ಮತ್ತೆ ಹಾಕು ಅನ್ನಲಿಲ್ಲ. ನಾನೇ ಹಾಕಿದೆ.

24 ತುಂಬಿದವು, 17 ಉಳಿದಿವೆ. ಅವು ಗೊತ್ತಿರಬಹುದಾದವಳು ಅಜ್ಜಿಯ ತಂಗಿ ಒಬ್ಬಳೇ, ಎಂಬತ್ತು ದಾಟಿದ್ದಾಳೆ, ಪಿರಿಯಾಪಟ್ಟಣದ ಕಡೆ ಮಗನ ಮನೆಯಲ್ಲಿದ್ದಾಳೆ. ಕಿವಿ ಮಂದ. ಚಿಕ್ಕಜ್ಜಿಗೆ ಜೋರಾಗಿ ಇಡಬೇಕು, ಅದೇ ಜೋರು ನನ್ನ ಕಿವಿಗೆ ಬೇಡ. 85 ಡೆಸಿಬೆಲ್ ಆದರೆ ದಿನಕ್ಕೆ ಎಂಟು ಗಂಟೆ ಅಂತ ಒಂದು ಮಿತಿ ಇದೆ, ಪ್ರತಿ 3 ಡೆಸಿಬೆಲ್ಲಿಗೆ ಅದು ಅರ್ಧವಾಗುತ್ತಾ ಹೋಗುತ್ತೆ. ಅದಕ್ಕೆ ನನ್ನ ವೈರಿನ ಎರಡೂ ಬದಿಗೆ 300 ಓಮಿನ ಒಂದೊಂದು ರೆಸಿಸ್ಟರ್ ಬೆಸೆದಿದ್ದೇನೆ, ನನಗೆ 6 ಡೆಸಿಬೆಲ್ ಕಡಿಮೆ. ತಗ್ಗು ಸ್ವರ ಸ್ವಲ್ಪ ಉಬ್ಬುತ್ತೆ, ಉಬ್ಬಲಿ, ಪದ ಕೇಳಿದರೆ ಸಾಕು. ಬರೋ ಭಾನುವಾರ ಅವ್ವನನ್ನೂ ಕರ್ಕೊಂಡು ಹೋಗ್ತಿದ್ದೇನೆ. ಎರಡು ಬ್ಯಾಟರಿ ಒಳಗೆ, ಎರಡು ಜೇಬಲ್ಲಿ.