ಒಂದು ಪೂರ್ತಿ ನಿಮಿಷ

ಅಕ್ಕನ ಮಗಳು ಪಿಯುಸಿ ಮುಗಿಸಿ ಬಿ.ಎಸ್ಸಿ. ನರ್ಸಿಂಗ್ ಸೇರ್ತೀನಿ ಅಂದಾಗ ಮೊದಲು ಬೇಡ ಅಂದವನು ನಾನೇ. ‘ಅಷ್ಟು ಒಳ್ಳೆ ಮಾರ್ಕ್ಸ್ ತೆಗೆದಿದ್ದೀಯ. ಇಂಜೆಕ್ಷನ್ ಚುಚ್ಚೋಕೆ, ಬೆಡ್‌ಶೀಟ್ ಬದಲಾಯಿಸೋಕೆ ನಾಲ್ಕು ವರ್ಷ ಓದ್ಬೇಕಾ ಪುಟ್ಟಿ?’ ಅಂತ ಕೇಳಿದ್ದೆ. ಅವಳು ವಾದ ಮಾಡಲಿಲ್ಲ. ‘ಓದಿ ನೋಡ್ತೀನಿ ಮಾವ’ ಅಂದಳು, ಅಷ್ಟೇ. ಆಮೇಲೆ ನಾನು ಆ ಮಾತನ್ನು ಮರೆತೂ ಬಿಟ್ಟೆ.

ಹೋದ ವರ್ಷ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಹತ್ತಿರ ಮೂಳೆ ಮುರಿದುಕೊಂಡರು. ಆಪರೇಷನ್ ಚೆನ್ನಾಗೇ ಆಯ್ತು. ಮೂರನೇ ದಿನ ಸಂಜೆ ನಾನು ಅವರ ಮಂಚದ ಪಕ್ಕ ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ಆಫೀಸ್ ಕಾಲ್‌ನಲ್ಲಿದ್ದೆ. ಆಗ ಎರಡನೇ ವರ್ಷದಲ್ಲಿದ್ದ ಪುಟ್ಟಿ ಕಾಲೇಜು ಮುಗಿಸಿ ಬಂದಳು. ಮೊದಲು ಕೈ ತೊಳೆದಳು. ಆಮೇಲೆ ತಾತನ ಮಣಿಕಟ್ಟು ಹಿಡಿದು ಕೂತಳು.

‘ಏನ್ ಡಾಕ್ಟ್ರಮ್ಮ, ಇದ್ದೀನೋ ಹೋದ್ನೋ?’ ಅಂದರು ಅಪ್ಪ.

‘ಡಾಕ್ಟರ್ ಅಲ್ಲ, ನರ್ಸು. ಸ್ವಲ್ಪ ಸುಮ್ನಿರು ತಾತ.’

ಗೋಡೆ ಗಡಿಯಾರ ನೋಡ್ತಾ ಒಂದು ನಿಮಿಷ ಕೂತಳು. ಎರಡನೇ ನಿಮಿಷವೂ ಆಯ್ತು, ಕೈ ಬಿಡಲಿಲ್ಲ. ಆಮೇಲೆ ನನ್ನನ್ನು ಕಾರಿಡಾರಿಗೆ ಕರೆದಳು.

‘ಮಾವ, ತಾತಂಗೆ ಉಸಿರು ನಿಮಿಷಕ್ಕೆ 28 ಇದೆ. ಚಾರ್ಟ್‌ನಲ್ಲಿ ಬೆಳಗ್ಗೆಯಿಂದ 20, 20 ಅಂತಾನೇ ಇದೆ.’

‘ನೀನು ನಾಡಿ ತಾನೇ ನೋಡ್ತಿದ್ದಿದ್ದು?’

‘ಮೊದಲು ನಾಡಿ. ಆಮೇಲೆ ಕೈ ಬಿಡದೇನೇ ಎದೆ ಏರಿಳಿಯೋದನ್ನ ಎಣಿಸೋದು. ಉಸಿರು ಎಣಿಸ್ತೀನಿ ಅಂತ ಹೇಳಿದ್ರೆ ಜನ ಬೇರೆ ಥರ ಉಸಿರಾಡೋಕೆ ಶುರು ಮಾಡ್ತಾರೆ. ಫಂಡಮೆಂಟಲ್ಸ್‌ನಲ್ಲಿ ಕಲಿಸ್ತಾರೆ ಇದನ್ನ.’

ವಯಸ್ಕರಿಗೆ 12ರಿಂದ 20 ಸಹಜ. ಬೆರಳಿಗೆ ಸಿಕ್ಕಿಸಿದ್ದ ಯಂತ್ರ 94 ಅಂತ ತೋರಿಸ್ತಿತ್ತು. ನಾನು ಸಾಫ್ಟ್‌ವೇರ್ ಟೆಸ್ಟರ್. ಸ್ಕ್ರೀನ್ ಮೇಲಿನ ಅಂಕಿ ಪರವಾಗಿಲ್ಲ ಅಂದ್ರೆ ನನಗೂ ಪರವಾಗಿಲ್ಲ. ಆದರೆ ದೇಹ ಕೆಡೋಕೆ ಶುರುವಾದಾಗ ಎಷ್ಟೋ ಸಲ ಮೊದಲು ಬದಲಾಗೋದು ಉಸಿರಿನ ವೇಗ, ಯಂತ್ರದ ಅಂಕಿ ಬೀಳೋದು ಆಮೇಲೆ ಅಂತ ಪುಟ್ಟಿ ಹೇಳಿದಳು.

ನಾನಾಗಿದ್ದರೆ ‘ಸರಿಯಾಗಿ ಚೆಕ್ ಮಾಡಿಲ್ವಾ?’ ಅಂತ ಸಿಸ್ಟರ್ ಮೇಲೆ ಕೂಗಾಡಿಬಿಡ್ತಿದ್ದೆ. ಪುಟ್ಟಿ ಹೋಗಿ, ‘ಸಿಸ್ಟರ್, ಆರನೇ ಬೆಡ್. ಸೊಂಟದ ಆಪರೇಷನ್ ಆಗಿ ಮೂರನೇ ದಿನ. ಉಸಿರು 28, ನಾಡಿ 108, ಮೈ ಬಿಸಿ ಇದೆ. ಒಂದ್ಸಲ ನೀವೇ ಬಂದು ನೋಡ್ತೀರಾ?’ ಅಂದಳು. ಯಾರು, ಏನಾಗಿದೆ, ನಾನು ಕಂಡಿದ್ದೇನು, ಈಗ ಏನಾಗಬೇಕು. ನಾಲ್ಕೇ ಮಾತು. ಆರೋಪ ಇಲ್ಲ. ಇದೂ ಅವರ ಪಾಠದಲ್ಲೇ ಇದೆಯಂತೆ.

ಆ ಸಂಜೆ ಇಡೀ ವಾರ್ಡಿಗೆ ಇದ್ದಿದ್ದು ಇಬ್ಬರೇ ಸಿಸ್ಟರ್‌ಗಳು. ಇನ್ನೂ ಓದ್ತಿರೋ ಹುಡುಗಿ ಅಂತ ಗದರಬಹುದಿತ್ತು. ಅವರು ಮಾತ್ರೆಯ ಟ್ರಾಲಿಗೆ ಬೀಗ ಹಾಕಿ ಬಂದರು, ತಾವೇ ಪೂರ್ತಿ ಒಂದು ನಿಮಿಷ ಎಣಿಸಿದರು, ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದರು. ಎಕ್ಸ್‌ರೇ ಆಯ್ತು, ರಕ್ತ ಪರೀಕ್ಷೆ ಆಯ್ತು. ನ್ಯುಮೋನಿಯಾ ಶುರುವಾಗಿತ್ತು. ಅವತ್ತು ರಾತ್ರಿಯೇ ಔಷಧಿ ಹಾಕಿದರು. ‘ಬೇಗ ಗೊತ್ತಾಗಿದ್ದು ಒಳ್ಳೇದಾಯ್ತು’ ಅಂದರು ಮರುದಿನ ಡಾಕ್ಟರ್. ಗೊತ್ತು ಮಾಡಿಕೊಂಡಿದ್ದು ಯಾರು ಅಂತ ಅವರು ಕೇಳಲಿಲ್ಲ. ನಾನೇ ಹೇಳಿದೆ.

ಆ ರಾತ್ರಿ ನಿದ್ದೆ ಬರದೆ ಪುಟ್ಟಿಯ ನೋಟ್ಸ್ ತಿರುವಿ ಹಾಕಿದೆ. ನರ್ಸಿಂಗ್ ಅಂದರೆ ಐದು ಹೆಜ್ಜೆ: ರೋಗಿಯನ್ನು ನೋಡಿ ಮಾಹಿತಿ ಕೂಡಿಸೋದು, ತೊಂದರೆ ಗುರುತಿಸೋದು, ಯೋಜನೆ ಹಾಕೋದು, ಮಾಡೋದು, ಮಾಡಿದ್ದು ಫಲ ಕೊಟ್ಟಿತಾ ಅಂತ ನೋಡೋದು. ಕೊಡದಿದ್ದರೆ ಮತ್ತೆ ಮೊದಲಿಂದ. ಡಾಕ್ಟರ್ ‘ಮೂಳೆ ಮುರಿತ’ ಅಂತ ಬರೆದರೆ, ನರ್ಸ್ ಬರೆಯೋದು ‘ನೋವಿಗೆ ಹೆದರಿ ಆಳವಾಗಿ ಉಸಿರು ಎಳೆದುಕೊಳ್ತಿಲ್ಲ’ ಅಂತ. ಕಾಯಿಲೆ ಒಂದೇ ಇರಬಹುದು, ಅದನ್ನು ಅನುಭವಿಸೋ ಮನುಷ್ಯ ಬೇರೆ.

ನಾನು ಆಡಿಕೊಂಡಿದ್ದ ಬೆಡ್‌ಶೀಟೂ ಅಲ್ಲಿತ್ತು. ಶೀಟಿನ ಸುಕ್ಕು ಮಲಗಿದವರ ಚರ್ಮವನ್ನು ಒತ್ತುತ್ತೆ, ಹುಣ್ಣಾಗೋಕೆ ದಾರಿ ಮಾಡುತ್ತೆ. ಬದಲಾಯಿಸುವಾಗ ರೋಗಿಯನ್ನು ಮಗ್ಗುಲಿಗೆ ಹೊರಳಿಸಬೇಕು. ಬೆನ್ನು, ಸೊಂಟ, ಹಿಮ್ಮಡಿ ಎಲ್ಲಾದರೂ ಕೆಂಪಾಗಿದೆಯಾ ಅಂತ ನೋಡೋಕೆ ಅದೇ ಸಮಯ. ಅಂದರೆ ಬೆಡ್‌ಶೀಟ್ ಬದಲಾಯಿಸೋದೂ ಒಂದು ತಪಾಸಣೆ. ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಬರೆದ ‘ನೋಟ್ಸ್ ಆನ್ ನರ್ಸಿಂಗ್’ನಲ್ಲಿ ರೋಗಿಯನ್ನು ಗಮನಿಸೋದರ ಬಗ್ಗೆಯೇ ಒಂದು ಅಧ್ಯಾಯ ಇದೆ. ವರ್ಜೀನಿಯಾ ಹೆಂಡರ್ಸನ್ ಅನ್ನೋ ಅಮೆರಿಕದ ನರ್ಸ್ ಮನುಷ್ಯನ 14 ಮೂಲ ಅಗತ್ಯಗಳನ್ನು ಪಟ್ಟಿ ಮಾಡಿದ್ದಾರೆ. ಅದರಲ್ಲಿ ಮೊದಲನೆಯದು, ಸಹಜವಾಗಿ ಉಸಿರಾಡೋದು.

ಅಪ್ಪನ ಉಸಿರು ಅಷ್ಟು ಜೋರಾಗಿ ಓಡ್ತಿದ್ದಾಗ ಅವರಿಗೆ ಎಲ್ಲರಿಗಿಂತ ಹತ್ತಿರ ಕೂತಿದ್ದವನು ನಾನು. ಮಧ್ಯಾಹ್ನದಿಂದ ಅಲ್ಲೇ ಇದ್ದೆ. ಒಂದು ನಿಮಿಷ ಅವರ ಎದೆ ಕಡೆ ನೋಡಿರಲಿಲ್ಲ.

ಅಪ್ಪ ಮನೆಗೆ ಬಂದ ಮೇಲೆ ಪುಟ್ಟಿಗೆ, ‘ಅವತ್ತು ನರ್ಸಿಂಗ್ ಬಗ್ಗೆ ಹಾಗೆ ಅಂದಿದ್ದು ತಪ್ಪಾಯ್ತು ಕಣೆ’ ಅಂದೆ. ಅವಳಿಗೆ ಅದು ನೆನಪೇ ಇಲ್ಲದವಳ ಹಾಗೆ ನಕ್ಕಳು. ಏನು ಬೇಕು ಕೇಳು ಅಂದೆ, ಸ್ಮಾರ್ಟ್‌ವಾಚ್ ಕೇಳ್ತಾಳೆ ಅಂದುಕೊಂಡು.

‘ಸೆಕೆಂಡ್ ಮುಳ್ಳು ಇರೋ ಒಂದು ವಾಚ್ ಕೊಡ್ಸು ಮಾವ. ಎಲ್ಲಾ ವಾರ್ಡಲ್ಲೂ ಗೋಡೆ ಗಡಿಯಾರ ನಡೀತಿರಲ್ಲ.’