ಖಾಲಿ ಹೋಟೆಲಿನ ಕಾರಿಡಾರ್, ಚಿಕ್ಕಪ್ಪನ ಡ್ರಮ್ಮು

ಮಾಂತ್ರೊ ಊರಿಗೆ ಹೋದವರೆಲ್ಲ ಮಾಡುವುದು ಒಂದೇ ಕೆಲಸ. ಜಿನೀವಾ ಸರೋವರದ ದಂಡೆಯಲ್ಲಿ ಕೈ ಮೇಲೆತ್ತಿ ನಿಂತ ಫ್ರೆಡ್ಡಿ ಮರ್ಕ್ಯುರಿ ಪ್ರತಿಮೆ ಮುಂದೆ ತಾವೂ ಕೈ ಎತ್ತಿ ಫೋಟೊ ತೆಗೆಸಿಕೊಳ್ಳುವುದು. ನಾನೂ ತೆಗೆಸಿಕೊಂಡೆ, ಸುಳ್ಳು ಯಾಕೆ ಹೇಳಲಿ. ಆದರೆ ನಾನು ಹೋಗಿದ್ದು ಫ್ರೆಡ್ಡಿಗಾಗಿ ಅಲ್ಲ, ನಮ್ಮ ಚಿಕ್ಕಪ್ಪನಿಗಾಗಿ.

ಚಿಕ್ಕಪ್ಪ ಹಾಸನದಲ್ಲಿ ಒಂದು ಕಾಲದ ಆರ್ಕೆಸ್ಟ್ರಾ ಡ್ರಮ್ಮರ್. ಗಣಪತಿ ಪೆಂಡಾಲು, ಮದುವೆ ಆರತಕ್ಷತೆ, ಜಾತ್ರೆ, ಎಲ್ಲಾ ಕಡೆ ರಾಜನ್-ನಾಗೇಂದ್ರ ಹಾಡು ನುಡಿಸಿದವರು. ಕಾರ್ಯಕ್ರಮ ಶುರುವಾಗುವ ಮುಂಚೆ ಮೈಕ್ ಪರೀಕ್ಷೆಗೆ ಅವರ ಗಿಟಾರ್ ಮೇಷ್ಟ್ರು (ನಿಜವಾಗಲೂ ಪ್ರೈಮರಿ ಶಾಲೆ ಮೇಷ್ಟ್ರೇ) ಒಂದು ಇಂಗ್ಲಿಷ್ ಟ್ಯೂನ್ ಬಾರಿಸುತ್ತಿದ್ದರಂತೆ. ಡೀಪ್ ಪರ್ಪಲ್ ಬ್ಯಾಂಡಿನ ‘ಸ್ಮೋಕ್ ಆನ್ ದ ವಾಟರ್’. ಊರಿನವರಿಗೆ ಹೆಸರು ಗೊತ್ತಿರಲಿಲ್ಲ. ‘ಆರ್ಕೆಸ್ಟ್ರಾ ಶುರುವಾಗೋ ಮ್ಯೂಸಿಕ್ಕು’ ಅಷ್ಟೇ.

2023ರ ಬೇಸಿಗೆಯಲ್ಲಿ ಚಿಕ್ಕಪ್ಪನಿಗೆ ಒಂದು ಆಸೆ ಹುಟ್ಟಿತು. ನಿವೃತ್ತರಾದ ನಾಲ್ವರು ಸೇರಿ ತಾವೇ ಕಟ್ಟಿದ ನಾಲ್ಕು ಹಾಡನ್ನು ರೆಕಾರ್ಡ್ ಮಾಡಬೇಕು, ಮೊಮ್ಮಕ್ಕಳಿಗೆ ಇಟ್ಟು ಹೋಗಬೇಕು. ಲ್ಯಾಪ್‌ಟಾಪು, ಒಂದು ಒಳ್ಳೆ ಮೈಕು, ಯೂಟ್ಯೂಬಿನಲ್ಲಿ ಕಲಿತ ಅರೆಬರೆ ವಿದ್ಯೆ ನನ್ನ ಹತ್ತಿರ ಇತ್ತು. ‘ನಾನು ಮಾಡ್ಕೊಡ್ತೀನಿ’ ಅಂದೆ.

ಒಬ್ಬೊಬ್ಬರನ್ನೇ ಬೇರೆ ಬೇರೆ ಭಾನುವಾರ ಬೆಂಗಳೂರಿನ ನನ್ನ ಫ್ಲ್ಯಾಟಿಗೆ ಕರೆಸಿದೆ. ಕಿವಿಗೆ ಹೆಡ್‌ಫೋನು, ಅದರೊಳಗೆ ಟಿಕ್ ಟಿಕ್ ತಾಳ. ಆಮೇಲೆ ಎರಡು ತಿಂಗಳು ಕೂತು ಡ್ರಮ್ಮಿನ ಒಂದೊಂದು ಪೆಟ್ಟನ್ನೂ ಎಳೆದು ಗೆರೆಗೆ ಸರಿಯಾಗಿ ಕೂರಿಸಿದೆ. ಹಾಡುಗಾರರ ಶ್ರುತಿ ತಿದ್ದಿದೆ. ಆಫೀಸಿನ ಪ್ರಾಜೆಕ್ಟಿಗೂ ಅಷ್ಟು ಕಷ್ಟಪಟ್ಟಿರಲಿಲ್ಲ.

ಚಿಕ್ಕಪ್ಪ ಪೂರ್ತಿ ಕೇಳಿದರು. ಹೆಡ್‌ಫೋನ್ ತೆಗೆದು ಟೇಬಲ್ ಮೇಲಿಟ್ಟರು. ‘ಚೆನ್ನಾಗಿದೆ ಪುಟ್ಟಿ. ಯಾರು ಬಾರಿಸಿದ್ದು?’

ತಮಾಷೆ ಅಂದುಕೊಂಡು ನಕ್ಕೆ. ಅವರು ನಗಲಿಲ್ಲ. ಮೇಷ್ಟ್ರಂತೂ ಅವತ್ತಿನಿಂದ ವಾಟ್ಸಾಪ್ ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಹಾಕುವುದನ್ನೂ ನಿಲ್ಲಿಸಿದರು.

ಈ ಬೇಜಾರು ಹೊತ್ತುಕೊಂಡೇ ಅದೇ ಡಿಸೆಂಬರಿನಲ್ಲಿ ಆಫೀಸ್ ಕೆಲಸಕ್ಕೆ ಎರಡು ವಾರ ಲೊಸಾನ್‌ಗೆ ಹೋದೆ. ಅಲ್ಲಿಂದ ಮಾಂತ್ರೊಗೆ ರೈಲಿನಲ್ಲಿ ಅರ್ಧ ಗಂಟೆಯೂ ಇಲ್ಲ. ಒಂದು ಕಡೆ ಸರೋವರ, ಇನ್ನೊಂದು ಕಡೆ ಲಾವೋದ ದ್ರಾಕ್ಷಿ ತೋಟಗಳು, ನಮ್ಮ ಮಲೆನಾಡಿನ ಗದ್ದೆಗಳ ಹಾಗೆ ಮೆಟ್ಟಿಲು ಮೆಟ್ಟಿಲಾಗಿ. ಶನಿವಾರ ಬೆಳಿಗ್ಗೆ ಇಳಿದಾಗ ದಂಡೆಯುದ್ದಕ್ಕೂ ಕ್ರಿಸ್ಮಸ್ ಸಂತೆ. ಮರದ ಗುಡಿಸಲಂಗಡಿಗಳು, ಕರಗಿದ ಚೀಸಿನ ವಾಸನೆ. ಫ್ರೆಡ್ಡಿಯ ಆಸುಪಾಸಿನಲ್ಲೇ ಇನ್ನೊಂದು ಚಿಕ್ಕ ಸ್ಮಾರಕ ಇದೆ: ಡೀಪ್ ಪರ್ಪಲ್ ಹೆಸರು, ಹಾಡಿನ ಹೆಸರು, ಆ ಟ್ಯೂನಿನ ಸ್ವರಲಿಪಿ. ಅದರ ಮುಂದೆ ಸೆಲ್ಫಿಗೆ ಕ್ಯೂ ಇರಲಿಲ್ಲ. ಫೋಟೊ ತೆಗೆದು ಚಿಕ್ಕಪ್ಪನಿಗೆ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಕತೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. 1971ರ ಡಿಸೆಂಬರ್‌ನಲ್ಲಿ ಈ ಇಂಗ್ಲೆಂಡಿನ ಹುಡುಗರು ಇಲ್ಲಿಗೆ ಬಂದಿದ್ದು ಇಲ್ಲಿನ ಕ್ಯಾಸಿನೊದಲ್ಲಿ ಆಲ್ಬಂ ಮಾಡೋದಕ್ಕೆ. ರೋಲಿಂಗ್ ಸ್ಟೋನ್ಸ್ ಬ್ಯಾಂಡಿನವರ ಒಂದು ಲಾರಿ ಇತ್ತು, ಒಳಗೆ ಇಡೀ ರೆಕಾರ್ಡಿಂಗ್ ಸ್ಟುಡಿಯೊ. ಅದನ್ನು ಬಾಡಿಗೆಗೆ ತಂದಿದ್ದರು. ಡಿಸೆಂಬರ್ 4ರಂದು ಅದೇ ಕ್ಯಾಸಿನೊದಲ್ಲಿ ಫ್ರಾಂಕ್ ಜಪ್ಪಾ ಕಾರ್ಯಕ್ರಮ. ಪ್ರೇಕ್ಷಕರಲ್ಲಿ ಯಾರೋ ಒಬ್ಬ ಫ್ಲೇರ್ ಗನ್ ಹಾರಿಸಿದ. ಬೆಂಕಿ ಚಾವಣಿಗೆ ಹತ್ತಿತು. ಮಾಂತ್ರೊ ಜಾಜ್ ಉತ್ಸವ ಕಟ್ಟಿದ ಕ್ಲೋಡ್ ನಾಬ್ಸ್ ತಾನೇ ಓಡಾಡಿ ಹುಡುಗರನ್ನು ಹೊರಗೆ ಎಳೆದ. ಯಾರೂ ಸಾಯಲಿಲ್ಲ, ಆದರೆ ಕಟ್ಟಡ ಉಳಿಯಲಿಲ್ಲ. ಹೊಗೆ ಸರೋವರದ ಮೇಲೆ ಹಬ್ಬಿದ್ದನ್ನು ಡೀಪ್ ಪರ್ಪಲ್‌ನವರು ಕೂತು ನೋಡಿದರು. ಕೆಲವು ದಿನದ ಮೇಲೆ ಬಾಸ್ ಗಿಟಾರಿನ ರೋಜರ್ ಗ್ಲೋವರ್ ನಿದ್ದೆಯಿಂದ ಏಳುವಾಗ ಬಾಯಿಗೆ ಬಂದ ಮಾತೇ ಹಾಡಿನ ಹೆಸರಾಯಿತು.

ಲಾರಿ ಇದೆ, ಜಾಗ ಇಲ್ಲ. ನಾಬ್ಸ್ ಇನ್ನೊಂದು ರಂಗಮಂದಿರ ಕೊಡಿಸಿದ. ಅಕ್ಕಪಕ್ಕದವರು ಗಲಾಟೆ ಅಂತ ಪೊಲೀಸರನ್ನು ಕರೆದರು. ‘ಸ್ಮೋಕ್’ ಹಾಡಿನ ವಾದ್ಯಭಾಗ ಮುಗಿಯುವ ತನಕ ಬ್ಯಾಂಡಿನ ಕೆಲಸಗಾರರು ಬಾಗಿಲಿಗೆ ಒತ್ತಿಕೊಂಡು ನಿಂತಿದ್ದರು, ಹೊರಗೆ ಪೊಲೀಸರು ಬಡಿಯುತ್ತಿದ್ದರು. ಕೊನೆಗೆ ಸಿಕ್ಕಿದ್ದು ಚಳಿಗಾಲಕ್ಕೆ ಬಾಗಿಲು ಹಾಕಿದ್ದ ಗ್ರ್ಯಾಂಡ್ ಹೋಟೆಲ್.

ಅದು ಇರುವುದು ಊರಿನ ಪೂರ್ವದ ಅಂಚಿನ ತೆರಿತೆಯಲ್ಲಿ. ಬಸ್ಸಿಗೆ ಹೋಗಬಹುದಿತ್ತು. ನಾನು ನೀರಿನ ಅಂಚಿನಲ್ಲೇ ನಡೆದೆ. ಇಪ್ಪತ್ತು ನಿಮಿಷ. ಸಂತೆಯ ಗದ್ದಲ ಹಿಂದೆ ಉಳಿದ ಮೇಲೆ ಬರೀ ಬಾತುಕೋಳಿಗಳು, ಆಚೆ ದಡದಲ್ಲಿ ಫ್ರಾನ್ಸಿನ ಹಿಮದ ಬೆಟ್ಟ. ತೆರಿತೆ ಈಗ ಸದ್ದಿಲ್ಲದ ಜಾಗ. ಆಸ್ಟ್ರಿಯಾದ ಮಹಾರಾಣಿ ಸಿಸಿಯ ಒಂದು ಪ್ರತಿಮೆ, 1883ರಿಂದ ಗ್ಲಿಯೊನ್ ಗುಡ್ಡಕ್ಕೆ ಕೇಬಲ್ಲಿನಲ್ಲಿ ಹತ್ತುವ ರೈಲು. ಇನ್ನೂ ಸ್ವಲ್ಪ ಮುಂದೆ ಹೋದರೆ ಎಲ್ಲರೂ ನೋಡುವ ಶಿಯೋನ್ ಕೋಟೆ. ನಾನು ಕೋಟೆಗೆ ಹೋಗಲಿಲ್ಲ. ಹಳೆಯ ಹೋಟೆಲಿನ ಮುಂದೆ ರಸ್ತೆಯಲ್ಲಿ ನಿಂತು ಬಾಲ್ಕನಿಗಳನ್ನು ಎಣಿಸುತ್ತಿದ್ದೆ. ನಾಯಿ ಹಿಡಿದುಕೊಂಡು ಬಂದ ಅಜ್ಜಿಯೊಬ್ಬರು ನನ್ನನ್ನು ಅನುಮಾನದಿಂದ ನೋಡಿ ಮುಂದೆ ಹೋದರು.

ಬಾಲ್ಕನಿ ಯಾಕೆ ಅಂದರೆ, ಅಲ್ಲೇ ನನಗೆ ಬೇಕಾದ ಉತ್ತರ ಇತ್ತು.

ಐವರೂ ಹೋಟೆಲಿನ ಕಾರಿಡಾರಿನಲ್ಲಿ ಒಟ್ಟಿಗೆ ನಿಂತು ನುಡಿಸಿದರು. ಸದ್ದು ಗೋಡೆಗೆ ಬಡಿದು ಗೊಂಯ್‌ಗುಟ್ಟಬಾರದು ಅಂತ ಹಾಸಿಗೆಗಳನ್ನು ಒರಗಿಸಿದ್ದರು. ಲಾರಿ ಹೊರಗೆ. ತಾವು ನುಡಿಸಿದ್ದು ಹೇಗೆ ಬಂದಿದೆ ಅಂತ ಕೇಳಬೇಕಾದರೆ ಕೋಣೆಗಳನ್ನು ದಾಟಿ, ಬಾಲ್ಕನಿಗಳನ್ನು ದಾಟಿ, ಡಿಸೆಂಬರ್ ಚಳಿಯಲ್ಲಿ ಲಾರಿಯ ತನಕ ಹೋಗಿ ಬರಬೇಕು. ಒಂದೆರಡು ಸಲ ಹೋದರು. ಆಮೇಲೆ ಸಾಕಪ್ಪ ಅಂತ ಬಿಟ್ಟುಬಿಟ್ಟರು. ಲಾರಿಯಲ್ಲಿ ಕೂತ ಎಂಜಿನಿಯರ್ ಮಾರ್ಟಿನ್ ಬರ್ಚ್ ‘ಬಂದಿದೆ’ ಅಂದರೆ ಬಂದಿದೆ. ಡಿಸೆಂಬರ್ 6ರಿಂದ 21. ಏಳು ಹಾಡು, ‘ಮಷೀನ್ ಹೆಡ್’ ಮುಗಿಯಿತು. ಹಿಟ್ ಆಗುತ್ತೆ ಅಂತ ಅವರು ನಂಬಿದ್ದು ‘ನೆವರ್ ಬಿಫೋರ್’ ಎಂಬ ಬೇರೆ ಹಾಡನ್ನು. ಅದನ್ನು ಇವತ್ತು ಎಷ್ಟು ಜನ ಗುನುಗುತ್ತಾರೆ ನೋಡಿ!

ಆ ಆಲ್ಬಮ್ಮಿಗೆ ಹೊರಗಿನ ಪ್ರೊಡ್ಯೂಸರ್ ಇರಲಿಲ್ಲ. (ನಮ್ಮಲ್ಲಿ ಪ್ರೊಡ್ಯೂಸರ್ ಅಂದರೆ ದುಡ್ಡು ಹಾಕುವವರು. ಸಂಗೀತದಲ್ಲಿ ಪ್ರೊಡ್ಯೂಸರ್ ಅಂದರೆ ಯಾವ ಹಾಡು ಇರಲಿ, ಯಾವುದು ಬೇಡ, ಎಷ್ಟು ಸಲ ನುಡಿಸಿ ನಿಲ್ಲಿಸಬೇಕು ಅಂತ ಹೇಳುವವನು.) ಆ ರಸ್ತೆಯಲ್ಲಿ ನಿಂತಾಗ ನನಗೆ ಅನ್ನಿಸಿದ್ದು ಇದು: ಆ ಬಾಲ್ಕನಿಗಳೇ ಪ್ರೊಡ್ಯೂಸರ್. ಆ ಚಳಿಯೇ ‘ಸಾಕು, ಮುಂದಿನದಕ್ಕೆ ನಡೀರಿ’ ಅಂದಿದ್ದು. ನನ್ನ ಲ್ಯಾಪ್‌ಟಾಪಿನಲ್ಲಿ ಬಾಲ್ಕನಿಯೂ ಇಲ್ಲ, ಚಳಿಯೂ ಇಲ್ಲ. ಒಂದು ಪೆಟ್ಟನ್ನು ನಾನೂರು ಸಲ ಕೇಳಬಹುದು, ನಾನೂರು ಸಲ ತಿದ್ದಬಹುದು. ಬೇಡ ಅನ್ನುವವರೇ ಇಲ್ಲ.

ಇಪ್ಪತ್ತಾರರ ಹುಡುಗರಾದರೆ ತಮ್ಮತಮ್ಮಲ್ಲೇ ಜಗಳವಾಡಿ ‘ಇದು ಚೆನ್ನಾಗಿಲ್ಲ’ ಅಂತ ಮುಖಕ್ಕೆ ಹೇಳಿಕೊಳ್ಳುತ್ತಾರೆ. ಎಪ್ಪತ್ತು ದಾಟಿದ ಮೇಲೆ ಯಾರೂ ಯಾರಿಗೂ ಹಾಗೆ ಹೇಳುವುದಿಲ್ಲ. ಐವತ್ತು ವರ್ಷದ ಸ್ನೇಹ, ಮರ್ಯಾದೆ, ಬಿಪಿ ಮಾತ್ರೆ. ಅದಕ್ಕೇ ಹಳೆಯ ಬ್ಯಾಂಡಿಗೆ ಹೊರಗಿನವನೊಬ್ಬ ಬೇಕು. ಡೀಪ್ ಪರ್ಪಲ್ 2005ರ ಆಲ್ಬಂ ಆದ ಮೇಲೆ ಎಂಟು ವರ್ಷ ಹೊಸದು ಮಾಡಿರಲಿಲ್ಲ. ಆಗ ಬಂದವನು ಬಾಬ್ ಎಜ್ರಿನ್, ಪಿಂಕ್ ಫ್ಲಾಯ್ಡ್‌ನ ‘ದ ವಾಲ್’ ಮಾಡಿದವರಲ್ಲಿ ಒಬ್ಬ. ಅವರ ಕಾರ್ಯಕ್ರಮ ನೋಡಿ ಅವನು ಕೊಟ್ಟ ಸಲಹೆಯ ತಿರುಳು ಸರಳ: ರೇಡಿಯೊಗೆ ಅಂತ ಹಾಡು ಕತ್ತರಿಸಬೇಡಿ, ವೇದಿಕೆ ಮೇಲೆ ನುಡಿಸುವ ಹಾಗೆಯೇ ಒಟ್ಟಿಗೆ ನುಡಿಸಿ. ಹಾಗೆ ಬಂದಿದ್ದು 2013ರ ‘ನೌ ವಾಟ್’. ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದ ಅವರ ಕೀಬೋರ್ಡ್ ವಾದಕ ಜಾನ್ ಲಾರ್ಡ್‌ಗೆ ಅದು ಅರ್ಪಣೆ. ಮುಂದಿನ ಆಲ್ಬಂಗಳಿಗೂ ಅವರು ಎಜ್ರಿನ್‌ನನ್ನು ಬಿಡಲಿಲ್ಲ.

ಬೇರೆ ಬೇರೆ ಊರಲ್ಲಿ ಕೂತು ಫೈಲ್ ಕಳಿಸಿಕೊಂಡು ಮಾಡಿದ್ದೂ ಇದೆ. 2021ರ ‘ಟರ್ನಿಂಗ್ ಟು ಕ್ರೈಮ್’. ಕೋವಿಡ್ ಕಾಲ, ಬೇರೆ ದಾರಿ ಇರಲಿಲ್ಲ. ಎಲ್ಲಾ ಬೇರೆಯವರ ಹಳೆಯ ಹಾಡುಗಳು. ಕೆಟ್ಟದಾಗಿಲ್ಲ, ಖುಷಿಯಾಗೇ ಇದೆ. ಆದರೆ ಯಾರೂ ಯಾರ ಮುಖವನ್ನೂ ನೋಡದೆ ನುಡಿಸಿದ್ದು ನನ್ನ ಕಿವಿಗಂತೂ ಗೊತ್ತಾಗುತ್ತದೆ. ಇನ್ನೊಂದು ಅಪಾಯ ಸದ್ದಿನದು. ಮೆಟಾಲಿಕಾದ 2008ರ ‘ಡೆತ್ ಮ್ಯಾಗ್ನೆಟಿಕ್’ ಸಿಡಿಯನ್ನು ಎಷ್ಟು ಜೋರಾಗಿ ಒತ್ತಿದ್ದರೆಂದರೆ, ಅದಕ್ಕಿಂತ ವಿಡಿಯೊ ಗೇಮಿನಲ್ಲಿದ್ದ ಅದೇ ಹಾಡುಗಳೇ ಚೆನ್ನಾಗಿವೆ ಅಂತ ಅಭಿಮಾನಿಗಳೇ ಗೊಣಗಿದರು. 2011ರಲ್ಲಿ ಅದೇ ಬ್ಯಾಂಡನ್ನು ಬೆಂಗಳೂರಿನ ಅರಮನೆ ಮೈದಾನದಲ್ಲಿ ಕೇಳಿದವಳು ನಾನು. ಅಲ್ಲಿ ಉಸಿರಾಡಲು ಜಾಗ ಇತ್ತು, ಸಿಡಿಯಲ್ಲಿ ಇರಲಿಲ್ಲ.

ಹಾಗಂತ ಎಪ್ಪತ್ತರ ದಶಕವನ್ನೇ ನಕಲು ಮಾಡಿ ಅಂತಲೂ ಅಲ್ಲ. ಗಾಯಕ ಇಯಾನ್ ಗಿಲನ್ 1945ರಲ್ಲಿ ಹುಟ್ಟಿದವರು. ಆಗಿನ ಕಿರುಚಾಟ ಈಗ ಬೇಡ, ಬರುವುದೂ ಇಲ್ಲ. 2024ರ ‘ಈಕ್ವಲ್ಸ್ ಒನ್’ ಕೇಳಿ, ಆ ಗಂಟಲು ಈಗ ಎಷ್ಟು ಎತ್ತರಕ್ಕೆ ಹೋಗುತ್ತದೋ ಅಷ್ಟಕ್ಕೇ ಹಾಡು ಕಟ್ಟಿದ್ದಾರೆ. ನಾನು ಮಾಡಿದ್ದು ಇದರ ಉಲ್ಟಾ. ಹಳೇ ಶ್ರುತಿಯಲ್ಲೇ ಹಾಡಿಸಿ, ಮೇಲಿನ ಸ್ವರಗಳನ್ನು ಕಂಪ್ಯೂಟರಿನಲ್ಲಿ ಎಳೆದು ಏರಿಸಿದ್ದೆ.

ಸಂಜೆ ಊರಿಗೆ ವಾಪಸ್ ಬಂದು ಹೊಸ ಕ್ಯಾಸಿನೊದೊಳಗೆ ಕ್ವೀನ್ ಬ್ಯಾಂಡಿನ ಹಳೆಯ ಸ್ಟುಡಿಯೊ ನೋಡಿದೆ. ಟಿಕೆಟ್ ಇರಲಿಲ್ಲ. ಫ್ರೆಡ್ಡಿ ಕೊನೆಯ ಸಲ ಹಾಡಿದ್ದು ಅಲ್ಲೇ. ಸಂದರ್ಶಕರು ಮಿಕ್ಸಿಂಗ್ ಬೋರ್ಡಿನ ಗುಂಡಿಗಳನ್ನು ಮೇಲೆ ಕೆಳಗೆ ಸರಿಸಿ ಆಡಬಹುದಿತ್ತು. ಒಂದು ಮಗು ಎಲ್ಲವನ್ನೂ ಕೆಳಗೆ ಎಳೆದು ಬರೀ ದನಿಯೊಂದನ್ನೇ ಬಿಟ್ಟಿತು. ಕೋಣೆಯಲ್ಲಿದ್ದ ಏಳೆಂಟು ಜನ ಮಾತು ನಿಲ್ಲಿಸಿದರು. ಅಲ್ಲಿಂದಲೇ ಚಿಕ್ಕಪ್ಪನಿಗೆ ವಾಯ್ಸ್ ಮೆಸೇಜ್ ಮಾಡಿದೆ: ‘ಎಲ್ಲಾ ಡಿಲೀಟ್ ಮಾಡ್ತೀನಿ. ಮೊದಲಿಂದ ಮಾಡೋಣ. ನಾಲ್ಕೂ ಜನ ಒಂದೇ ರೂಮಲ್ಲಿ.’

ಈ ಸಲ ಉತ್ತರ ಬಂತು. ‘ಧನುರ್ಮಾಸ ಅಲ್ವಾ, ಛತ್ರ ಖಾಲಿ ಇರುತ್ತೆ. ಕೇಳ್ತೀನಿ ಇರು.’

ಗ್ರ್ಯಾಂಡ್ ಹೋಟೆಲಿಗೆ ಚಳಿಗಾಲ, ನಮ್ಮ ಕಲ್ಯಾಣ ಮಂಟಪಕ್ಕೆ ಧನುರ್ಮಾಸ. ಸಂಕ್ರಾಂತಿಗೆ ಇನ್ನೂ ಒಂದು ವಾರ ಇದ್ದಾಗ ಹಾಸನದ ಆ ಛತ್ರದ ಊಟದ ಹಾಲ್ ಎರಡು ದಿನಕ್ಕೆ ಸಿಕ್ಕಿತು. ವರನ ಕಡೆಯವರ ರೂಮಿನ ಹಾಸಿಗೆ, ಜಮಖಾನ ಎಲ್ಲಾ ತಂದು ಗೋಡೆಗೆ ಒರಗಿಸಿದೆವು. ಶ್ರುತಿ ಎರಡು ಮನೆ ಇಳಿಸಿದೆವು. ಟಿಕ್ ಟಿಕ್ ತಾಳ ಇಲ್ಲ. ಲ್ಯಾಪ್‌ಟಾಪನ್ನು ಬೇಕೆಂದೇ ಮಹಡಿ ಮೇಲೆ, ವಧುವಿನ ರೂಮಿನಲ್ಲಿ ಇಟ್ಟೆ. ಕೇಳಬೇಕಾದರೆ ಮೂವತ್ತೆರಡು ಮೆಟ್ಟಿಲು ಹತ್ತಬೇಕು. ಮೇಷ್ಟ್ರ ಮಂಡಿ ನೋವು ನನಗೆ ಗೊತ್ತಿತ್ತು.

ಮೊದಲ ಹಾಡು ಮುಗಿದಾಗ ಮೇಷ್ಟ್ರು ಮೆಟ್ಟಿಲ ಕಡೆ ನೋಡಿದರು. ನನ್ನ ಕಡೆ ನೋಡಿದರು. ‘ಬಂದಿದೆಯೇನಮ್ಮ?’

‘ಬಂದಿದೆ ಮೇಷ್ಟ್ರೇ.’

‘ಹಂಗಾದ್ರೆ ಮುಂದಿಂದು’ ಅಂತ ತಂತಿ ಮೀಟಿದರು. ಎಲ್ಲದಕ್ಕೂ ‘ಬಂದಿದೆ’ ಅನ್ನಲಿಲ್ಲ. ಎರಡನೆಯ ಹಾಡಿನ ಚರಣ ಎಳೆದಂತಿತ್ತು, ಅರ್ಧ ತೆಗೆಯಿರಿ ಅಂದೆ. ಐದು ನಿಮಿಷ ಯಾರೂ ಮಾತಾಡಲಿಲ್ಲ. ಕೀಬೋರ್ಡ್‌ನವರಿಗೆ ಕೋಪ ಬಂದು ಹೊರಗೆ ಹೋಗಿ ಬೀಡಿ ಸೇದಿ ಬಂದರು. ಆಮೇಲೆ ತೆಗೆದರು. ಆ ಐದು ನಿಮಿಷ ನನ್ನ ಹೊಟ್ಟೆಯಲ್ಲಿ ಆಗಿದ್ದನ್ನು ಎಜ್ರಿನ್ ಸಾಹೇಬರಿಗೆ ಮಾತ್ರ ಹೇಳಿಕೊಳ್ಳಬಹುದು. ನಾಲ್ಕನೆಯ ಹಾಡಿನಲ್ಲಿ ವಾಚ್‌ಮನ್ ಮನೆಯ ಕುಕ್ಕರ್ ಕೂಗಿದ್ದು ಹಾಗೇ ಇದೆ.

ಅದಾಗಿ ಎರಡು ತಿಂಗಳಿಗೆ, ಅಂದರೆ 2024ರ ಮಾರ್ಚಿನಲ್ಲಿ, ‘ಮಷೀನ್ ಹೆಡ್’ನ ಐವತ್ತು ವರ್ಷದ ನೆನಪಿನ ಆವೃತ್ತಿ ಬಂತು. ಅದನ್ನು ಹೊಸದಾಗಿ ಮಿಕ್ಸ್ ಮಾಡಿದ್ದು ಯಾರು ಗೊತ್ತಾ? ಡ್ವೀಜಿಲ್ ಜಪ್ಪಾ, ಬೆಂಕಿ ಬಿದ್ದ ದಿನ ವೇದಿಕೆ ಮೇಲಿದ್ದ ಫ್ರಾಂಕ್ ಜಪ್ಪಾನ ಮಗ. ಚಿಕ್ಕಪ್ಪನಿಗೆ ಕಾರಿನಲ್ಲಿ ಹಾಕಿ ಕೇಳಿಸಿದೆ. ‘ಸ್ಪಷ್ಟವಾಗಿದೆ. ಹಳೇದೇ ಇರ್ಲಿ ಬಿಡು’ ಅಂದರು. ಆಮೇಲೆ ನಮ್ಮದನ್ನು ಹಾಕು ಅಂದರು.

ಚನ್ನರಾಯಪಟ್ಟಣ ದಾಟುವಾಗ ಮೂರನೆಯ ಹಾಡು ಬರುತ್ತಿತ್ತು. ಚಿಕ್ಕಪ್ಪ ಡ್ಯಾಶ್‌ಬೋರ್ಡಿನ ಮೇಲೆ ಬೆರಳಲ್ಲಿ ಬಡಿಯುತ್ತಿದ್ದವರು ನಿಲ್ಲಿಸಿ ಕಿವಿಗೊಟ್ಟರು.

‘ಇಲ್ಲಿ ನೋಡು, ನಾನು ಓಡಿಬಿಟ್ಟಿದ್ದೀನಿ.’

‘ಗೊತ್ತು. ಅವರೂ ಹಿಂದೇನೇ ಓಡಿ ಬಂದಿದ್ದಾರೆ, ಕೇಳಿ.’

ಅವರು ವಾಲ್ಯೂಮ್ ಜಾಸ್ತಿ ಮಾಡಿದರು.