ಸೇರನ್ನು ಅಳೆಯುವವರು

ಅಕ್ಕಿಯಲ್ಲಿ ಕಲ್ಲಿದ್ದರೆ ಆರಿಸಿ ಹಾಕಬಹುದು. ಅಕ್ಕಿಯನ್ನು ಅಳೆಯುವ ಸೇರಿನ ತಳವೇ ತಗ್ಗಿದ್ದರೆ ಏನು ಮಾಡುವುದು? ರೇಡಿಯೋ ಕೆಟ್ಟರೆ ಅದರ ದೋಷವನ್ನು ಹಿಡಿಯಲು ಪರೀಕ್ಷಾ ಉಪಕರಣಗಳುಂಟು. ಆ ಉಪಕರಣವೇ ಕೆಟ್ಟು ಸುಳ್ಳು ಹೇಳತೊಡಗಿದರೆ ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಅರ್ಧ ಶತಮಾನಕ್ಕೂ ಹಿಂದಿನ ಇಂಥ ಉಪಕರಣಗಳನ್ನು ಹುಡುಕಿ ತಂದು, ಧೂಳು ಕೊಡವಿ, ಮತ್ತೆ ನಿಜ ನುಡಿಯುವಂತೆ ಮಾಡುವ ಜನ ಲೋಕದಲ್ಲಿದ್ದಾರೆ. ಅವರದು ಬರಿಯ ಹುಚ್ಚೆಂದು ನಗುವವರೂ ಇದ್ದಾರೆ. ಹತ್ತಿರ ಹೋಗಿ ನೋಡಿದರೆ ಆ ಹುಚ್ಚಿನಲ್ಲೊಂದು ಧರ್ಮಸೂಕ್ಷ್ಮ ಅಡಗಿರುವುದು ಕಾಣುತ್ತದೆ.

1946ರಲ್ಲಿ ಅಮೆರಿಕೆಯ ಆರೆಗನ್ ಸಂಸ್ಥಾನದ ಪೋರ್ಟ್‌ಲೆಂಡ್ ನಗರದಲ್ಲಿ ಹವರ್ಡ್ ವೋಲಮ್, ಜ್ಯಾಕ್ ಮರ್ಡಾಕ್ ಮೊದಲಾದವರು ಟೆಕ್ಟ್ರಾನಿಕ್ಸ್ ಎಂಬ ಕಂಪನಿಯನ್ನು ಸ್ಥಾಪಿಸಿದರು. ಅವರು ತಯಾರಿಸಿದ್ದು ಆಸಿಲೋಸ್ಕೋಪನ್ನು: ಕಣ್ಣಿಗೆ ಕಾಣದ ವಿದ್ಯುತ್ತಿನ ಏರಿಳಿತವನ್ನು ಗಾಜಿನ ಪರದೆಯ ಮೇಲೆ ಬೆಳಕಿನ ಗೆರೆಯಾಗಿ ಬರೆದು ತೋರಿಸುವ ಯಂತ್ರ. 1950ರ ದಶಕದ ಅವರ 545 ಎಂಬ ಮಾದರಿ ಸೆಕೆಂಡಿಗೆ 3 ಕೋಟಿ ಸಲ ಕಂಪಿಸುವ ವಿದ್ಯುತ್ತನ್ನೂ ಹಿಡಿದು ತೋರಿಸಬಲ್ಲದಾಗಿತ್ತು. ತೂಕ ಸುಮಾರು 30 ಕಿಲೋಗ್ರಾಂ. ಒಳಗೆ ಸಾಲುಸಾಲು ಗಾಜಿನ ವಾಲ್ವುಗಳು. ಗುಂಡಿಯೊತ್ತಿದೊಡನೆ ಅದು ಮಾತಾಡುವುದಿಲ್ಲ. ವಾಲ್ವುಗಳು ಕಾದು, ಒಳಗೆಲ್ಲೋ ‘ಟಕ್’ ಎಂದ ಮೇಲೆಯೇ ಪರದೆ ಬೆಳಗಬೇಕು.

ಮುದಿಯಾದ ಇಂಥ ಯಂತ್ರದಲ್ಲಿ ಗೆರೆ ಕಾಣದಿರಬಹುದು, ಕಂಡರೂ ನಡುಗುತ್ತಿರಬಹುದು. ಹೊಸಬನಾದವನು ಗೆರೆ ನಡುಗುವುದನ್ನು ಕಂಡು ಗೆರೆಯನ್ನು ಬರೆಯುವ ಭಾಗಕ್ಕೇ ಕೈ ಹಾಕುತ್ತಾನೆ. ಅನುಭವಿಯು ಮೊದಲು ವಿದ್ಯುತ್ ಪೂರೈಕೆಯ ಕಡೆಗೆ ತಿರುಗುತ್ತಾನೆ. ಈ ಯಂತ್ರದೊಳಗೆ 100, 225, 350, 500 ವೋಲ್ಟುಗಳ ಬೇರೆ ಬೇರೆ ಧಾರೆಗಳಿವೆ. ಅವೆಲ್ಲಕ್ಕೂ ಆಧಾರ ಋಣ 150 ವೋಲ್ಟಿನ ಒಂದೇ ಧಾರೆ. ಅದಕ್ಕೆ ಆಧಾರ ಹೆಬ್ಬೆರಳಿಗಿಂತ ಹೆಚ್ಚು ದೊಡ್ಡದಲ್ಲದ ಒಂದು ಅನಿಲದ ಕೊಳವೆ. ಆ ಋಣದಲ್ಲಿ ಮಿಕ್ಕ ಧನವೆಲ್ಲ ನಿಂತಿದೆ ಎನ್ನಬಹುದು. ಅಲ್ಲಿ ತಪ್ಪಿದರೆ ಎಲ್ಲೆಲ್ಲೂ ತಪ್ಪುತ್ತದೆ. ನೋವು ಕಾಣುವುದು ಒಂದು ಕಡೆ, ಬೇರು ಇನ್ನೊಂದು ಕಡೆ.

ಇಲ್ಲಿಯೇ ಪ್ರಲೋಭನೆಯೂ ಇದೆ. ಆ 150 ವೋಲ್ಟನ್ನು ಹೆಚ್ಚು ಕಡಿಮೆ ಮಾಡಲು ಒಂದು ತಿರುಪಿದೆ. ಬೇರೆಲ್ಲೋ ಒಂದು ಬಿಡಿಭಾಗ ಸೊರಗಿ ಅಳತೆ ತುಸು ತಪ್ಪಿದಾಗ ಈ ತಿರುಪನ್ನು ತಿರುವಿ ಗೆರೆಯನ್ನು ಸರಿಯಾದ ಜಾಗಕ್ಕೆ ತಂದುಬಿಡಬಹುದು. ಗಿರಾಕಿಗೆ ಸಂತೋಷ, ಕೆಲಸವೂ ಬೇಗ ಮುಗಿಯಿತು. ಆದರೆ ಆ ಒಂದು ತಿರುವಿನಿಂದ ಉಳಿದ ಅಳತೆಗಳೆಲ್ಲ ಸದ್ದಿಲ್ಲದೆ ಕದಲಿರುತ್ತವೆ. ಕೆಟ್ಟು ನಿಂತ ಯಂತ್ರದಿಂದ ಯಾರಿಗೂ ಮೋಸವಿಲ್ಲ. ಸರಿಯಾಗಿರುವಂತೆ ತೋರಿ ತಪ್ಪು ಹೇಳುವ ಯಂತ್ರವನ್ನು ನಂಬಿ ಇನ್ನೆಷ್ಟು ಯಂತ್ರಗಳು ಕೆಡಬಹುದು! ಅದಕ್ಕೇ ಒಳ್ಳೆಯ ದುರಸ್ತಿಗಾರನು ಮೊದಲು ಅಳೆದು ಬರೆದುಕೊಳ್ಳುತ್ತಾನೆ. ತಿರುಪಿಗೆ ಕೈ ಹಾಕುವುದು ಕಟ್ಟಕಡೆಗೆ.

ಹುಡುಕುತ್ತ ಹೋದರೆ ಅಪರಾಧಿ ಬಹುಮಟ್ಟಿಗೆ ಸಾಮಾನ್ಯನೇ ಆಗಿರುತ್ತಾನೆ: ಒಣಗಿದ ಕಂಡೆನ್ಸರ್, ಬೆಲೆ ಏರಿದ ರೆಸಿಸ್ಟರ್, ಕಿಲುಬು ಹಿಡಿದ ಸ್ವಿಚ್ಚು. ವಾಲ್ವುಗಳನ್ನೆಲ್ಲ ಒಮ್ಮೆಗೇ ಬದಲಾಯಿಸುವುದು ಜಾಣತನವಲ್ಲ. ಪರೀಕ್ಷೆಗೆಂದು ಕಿತ್ತವುಗಳಲ್ಲಿ ಸರಿಯಿರುವುದನ್ನು ಅದರದರ ಜಾಗಕ್ಕೇ ಮರಳಿಸಬೇಕು. ಜೊತೆಗೆ ಪ್ರಾಣಭಯವೂ ಉಂಟು. ಪರದೆಯ ಕೊಳವೆಯಲ್ಲಿ 10,000 ವೋಲ್ಟುಗಳಷ್ಟು ಒತ್ತಡವಿದ್ದು, ತಂತಿಯನ್ನು ಗೋಡೆಯಿಂದ ಕಿತ್ತ ಮೇಲೂ ಕಂಡೆನ್ಸರುಗಳು ವಿದ್ಯುತ್ತನ್ನು ಬಚ್ಚಿಟ್ಟುಕೊಂಡಿರುತ್ತವೆ. ಒಂದು ಕೈಯನ್ನು ಜೇಬಿನಲ್ಲಿಟ್ಟೇ ಒಳಗೆ ಮುಟ್ಟಬೇಕೆಂಬ ಹಳಬರ ಮಾತು ವಿನೋದಕ್ಕೆ ಹುಟ್ಟಿದ್ದಲ್ಲ; ಎರಡೂ ಕೈ ತಗಲಿದರೆ ವಿದ್ಯುತ್ತು ಹರಿಯುವುದು ಎದೆಯ ಮೂಲಕ.

ಹಾಗಾದರೆ ದುರಸ್ತಿಗಾರನ ಕೈಯ ಮೀಟರನ್ನು ನಂಬುವುದು ಹೇಗೆ? ಅದನ್ನು ಅದಕ್ಕಿಂತ ನಿಖರವಾದ ಮತ್ತೊಂದರೊಡನೆ, ಆ ಮತ್ತೊಂದನ್ನು ಅದಕ್ಕೂ ಮೇಲಿನದರೊಡನೆ ಹೋಲಿಸಬೇಕು. ಹೀಗೆ ಏರುತ್ತ ಹೋದರೆ ಸರಪಳಿಯ ತುದಿ ದೇಶದ ಮಾನಕಗಳನ್ನು ಕಾಯುವ ಪ್ರಯೋಗಾಲಯಕ್ಕೆ ಮುಟ್ಟುತ್ತದೆ. ಭಾರತದಲ್ಲಿ ಅದು ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ನಡುವೆ ಒಬ್ಬನು ಅಪ್ರಾಮಾಣಿಕನಾದರೆ ಅವನ ಕೆಳಗಿನವರೆಲ್ಲ ತಿಳಿಯದೆಯೇ ಸುಳ್ಳರಾಗುತ್ತಾರೆ.

ಯಂತ್ರವನ್ನು ಕಟ್ಟಿದವರು ಈ ಸರಪಳಿಯನ್ನು ಬಲ್ಲವರಾಗಿದ್ದರು. ಕೈಪಿಡಿಯಲ್ಲಿ ಮಂಡಲದ ಪೂರ್ತಿ ನಕ್ಷೆಯನ್ನು ಅವರು ಅಚ್ಚು ಹಾಕಿಸಿದರು, ಗುಟ್ಟು ಮಾಡಲಿಲ್ಲ. ಬಿಡಿಭಾಗಗಳನ್ನು ಬೆಸೆಯಲು ಬೆಳ್ಳಿ ಲೇಪಿಸಿದ ಕಚ್ಚುಗಳುಳ್ಳ ಪಿಂಗಾಣಿ ಪಟ್ಟಿಗಳನ್ನು ಬಳಸಿದ್ದರು. ಸಾಮಾನ್ಯ ಬೆಸುಗೆಯ ತಂತಿಯಿಂದ ಪದೇ ಪದೇ ಬೆಸೆದರೆ ಆ ಬೆಳ್ಳಿ ಕರಗಿ ಹೋಗುತ್ತದೆ. ಶೇಕಡ 3ರಷ್ಟು ಬೆಳ್ಳಿ ಬೆರೆತ ತಂತಿಯೇ ಬೇಕು. ಆ ತಂತಿಯ ಪುಟ್ಟ ಸುರುಳಿಯೊಂದನ್ನು ಅವರು ಯಂತ್ರದ ಒಳಗೇ ಇಟ್ಟು ಕಳುಹಿಸುತ್ತಿದ್ದರು.

ಯಾವ ಊರಿನಲ್ಲಿ, ಯಾವ ಕಾಲದಲ್ಲಿ, ಯಾರು ಮುಚ್ಚಳ ತೆಗೆಯುವರೆಂದು ಅವರಿಗೆ ತಿಳಿದಿರಲಿಲ್ಲ. ಆದರೂ ಯಂತ್ರ ಎಂದಾದರೂ ಕೆಡುವುದೆಂದು ಒಪ್ಪಿಕೊಂಡು, ಕಾಣದ ಆ ಕೈಗಾಗಿ ಒಂದು ಮೊಳ ತಂತಿಯನ್ನು ಮೀಸಲಿಟ್ಟರು. ಆ ನಂಬಿಕೆಯನ್ನು ಉಳಿಸಿಕೊಳ್ಳುವುದೇ ಇಂದಿನ ದುರಸ್ತಿಗಾರನ ಕೆಲಸ.